ಹದಿನಾಲ್ಕು ಕೆಜಿ ಗಟ್ಟಿ ದುಡ್ಡು

ಕಾಗದದ ಮೇಲೆ ನನಗಿರುವ ಸಿಟ್ಟು ಈ ಜನ್ಮದಲ್ಲಿ ಆರುವಂಥದ್ದಲ್ಲ. ಕಾಗದ ಎಂದರೆ ಪುಸ್ತಕವಲ್ಲ, ಪತ್ರಿಕೆಯಲ್ಲ. ನೋಟು! ಮದುವೆಯ ಸೂಟಿನ ಒಳಜೇಬಿನಲ್ಲಿ ಎರಡು ಸಾವಿರ ರೂಪಾಯಿಯ ಮೂರು ನೋಟುಗಳನ್ನು ಬಚ್ಚಿಟ್ಟಿದ್ದೆ. (ಯಾರಿಂದ ಎಂದು ಕೇಳಬೇಡಿ. ಮದುವೆಯಾದವರು ಕೇಳುವುದಿಲ್ಲ.) ಎಷ್ಟು ಭದ್ರವಾಗಿ ಬಚ್ಚಿಟ್ಟಿದ್ದೆನೆಂದರೆ ನಾನೇ ಮರೆತುಬಿಟ್ಟೆ. ಸರ್ಕಾರ ಆ ನೋಟನ್ನು ಹಿಂದಕ್ಕೆ ಪಡೆದು, ನಮ್ಮೂರಿನ ಬ್ಯಾಂಕುಗಳಲ್ಲಿ ಬದಲಾಯಿಸುವ ಗಡುವೂ ಮುಗಿದ ಮೇಲೆ, ಸೂಟಿಗೆ ಬಿಸಿಲು ತೋರಿಸಲು ಹೋದ ನನ್ನ ಹೆಂಡತಿ ಅನಿತ ಅವನ್ನು ಹೊರಗೆಳೆದಳು.

"ಇದೇನ್ರೀ?"

"ನಿನಗೇ ಅಂತ ಇಟ್ಟಿದ್ದೆ ಕಣೇ. ಸರ್‌ಪ್ರೈಸು."

"ಆಯ್ತು, ಸರ್‌ಪ್ರೈಸ್ ಆದೆ. ಈಗ ಬೆಂಗ್ಳೂರಿಗೆ ಹೋಗಿ ರಿಸರ್ವ್ ಬ್ಯಾಂಕ್ ಮುಂದೆ ಬಿಸ್ಲಲ್ಲಿ ನಿಂತ್ಕೊಳ್ಳಿ."

ಬೆಂಕಿ ಹತ್ತಿತು ನನಗೆ. ಅನಿತಳ ಮೇಲಲ್ಲ (ಅಷ್ಟು ಧೈರ್ಯವಿಲ್ಲ), ನೋಟಿನ ಮೇಲೆ. ನಾನು ನರಸಾಪುರದ ಒಂದು ಫ್ಯಾಕ್ಟರಿಯ ಟೂಲ್‌ರೂಮಿನಲ್ಲಿ ಇಪ್ಪತ್ತು ವರ್ಷದಿಂದ ಲೋಹವನ್ನೇ ಮುಟ್ಟಿಕೊಂಡು ಬದುಕಿದವನು. ಕಬ್ಬಿಣ ಬೆಳಿಗ್ಗೆಯೂ ಕಬ್ಬಿಣ, ಸಂಜೆಯೂ ಕಬ್ಬಿಣ. 'ನಾಳೆಯಿಂದ ಹಿತ್ತಾಳೆ ಹಿತ್ತಾಳೆಯಲ್ಲ' ಎಂದು ಯಾರಾದರೂ ಟೀವಿಯಲ್ಲಿ ಬಂದು ಹೇಳಿದ್ದುಂಟೇ? ನಾಣ್ಯದ ಹೊಟ್ಟೆಯಲ್ಲಿ ಲೋಹವಿದೆ. ಸರ್ಕಾರ ಕೈಬಿಟ್ಟರೂ ಲೋಹ ಕೈಬಿಡದು. ಅದೇ ಗಟ್ಟಿ ದುಡ್ಡು. ಈ ಜ್ಞಾನೋದಯವಾದ ವಾರದಲ್ಲೇ ಕೋಲಾರದ ಒಂದು ಬ್ಯಾಂಕಿನವರು ನೋಟಿಗೆ ನಾಣ್ಯ ಕೊಡುವ ನಾಣ್ಯಮೇಳ ನಡೆಸಬೇಕೆ!

ಅನಿತ ಮೂರು ವರ್ಷ ಬ್ಲೌಸು ಹೊಲಿದು, ಮೋಟಾರಿನ ಹೊಲಿಗೆ ಯಂತ್ರಕ್ಕೆಂದು ಹದಿನೆಂಟು ಸಾವಿರ ಕೂಡಿಟ್ಟಿದ್ದಳು. ಎಲ್ಲವೂ ರಾಗಿಹಿಟ್ಟಿನ ಡಬ್ಬದಲ್ಲಿ, ಎಲ್ಲವೂ ಕಾಗದ! ಆ ಅಬಲೆಯನ್ನು ಕಾಗದದ ಪಾಶದಿಂದ ಪಾರುಮಾಡುವುದು ಪತಿಧರ್ಮವೆಂದು ಬಗೆದು, ಅವಳು ತರಕಾರಿಗೆ ಹೋದಾಗ ಡಬ್ಬಕ್ಕೆ ಕೈಹಾಕಿದೆ. (ಕಳ್ಳತನ ಎನ್ನಬೇಡಿ, ಉದ್ಧಾರ ಎನ್ನಿ.) ಬ್ಯಾಂಕಿನ ಹುಡುಗಿಗೆ ತಾಮ್ರ, ನಿಕ್ಕಲ್ಲುಗಳ ಬಗ್ಗೆ ಹದಿನೈದು ನಿಮಿಷ ಉಪನ್ಯಾಸ ಕೊಟ್ಟು, ಹತ್ತು ರೂಪಾಯಿಯ ಸಾವಿರದ ಎಂಟುನೂರು ನಾಣ್ಯಗಳನ್ನು ಚೀಲದಲ್ಲಿ ತುಂಬಿಸಿಕೊಂಡು ಬಂದೆ.

ಚೀಲ ನೋಡಿದ ಅನಿತ ಮೊದಲು ಕನ್ನಡದಲ್ಲಿ ಬೈದಳು. ಅವಳು ಆಂಧ್ರದ ಗಡಿಗೆ ಹತ್ತಿರದ ಆವನಿಯ ಕಡೆಯವಳು. ಸಿಟ್ಟು ಕನ್ನಡದ ಅಳತೆ ಮೀರಿದರೆ ತೆಲುಗಿಗೆ ಹೋಗುತ್ತಾಳೆ.

"ಬುದ್ಧಿ ಉಂದಾ ನೀಕು? ಹತ್ತರ ಕಾಯಿನ್ನು ಊರಲ್ಲಿ ಯಾರ್ ತಗೋತಾರೆ? ಸೊಪ್ಪಿನೋಳೇ ಮುಖಕ್ಕೆ ಎಸೀತಾಳೆ!"

"ತಗೊಳ್ಳದಿದ್ರೆ ಕಾನೂನು ಇದೆ. ಕಾನೂನು ಇಲ್ದಿದ್ರೂ ಒಳಗೆ ಲೋಹ ಇದೆ!"

"ಹೋಗಿ, ಬ್ಯಾಂಕಿಗೇ ವಾಪಸ್ ಕೊಟ್ಟು ಬನ್ನಿ."

ಹೇಗೆ ಹೋಗಲಿ? ಉಪನ್ಯಾಸ ಕೊಟ್ಟು ಬಂದವನಿಗೆ ಮಾನವಿಲ್ಲವೇ? "ಯಂತ್ರ ತಾನೇ ಬೇಕು? ನಡಿ ಮುಳಬಾಗಿಲಿಗೆ!" ಎಂದು ಗುಡುಗಿದೆ.

ಮುಳಬಾಗಿಲಿನಲ್ಲಿ ರಹಮತುನ್ನೀಸಾ ಎಂಬ ಹೆಂಗಸಿನ ಹೊಲಿಗೆ ಯಂತ್ರದ ಅಂಗಡಿಯಿದೆ. ಮದುವೆಗೆ ಮೊದಲು ಅನಿತ ಅಲ್ಲೇ ಹೊಲಿಗೆ ಕಲಿತವಳು. ನಾಲ್ಕು ಮದುವೆಮನೆಯ ಬಟ್ಟೆ ಒಪ್ಪಿಕೊಂಡಿದ್ದರಿಂದ ಆ ವಾರವೇ ಯಂತ್ರ ಬೇಕಾಗಿತ್ತು. ಬಸ್ಸಿನುದ್ದಕ್ಕೂ ಚೀಲ ನನ್ನ ತೊಡೆಯ ಮೇಲೆ, ಅನಿತಳ ಮುಖ ಕಿಟಕಿಯ ಕಡೆ.

ರಹಮತುನ್ನೀಸಾ ಚೀಲದೊಳಗೆ ಇಣುಕಿ ಕೈ ಹಿಂದೆಗೆದಳು. "ನಕ್ಕೋ ಅಣ್ಣ, ಬೇಡ. ಇದನ್ನ ನಾನು ಯಾರಿಗ್ ಕೊಡ್ಲಿ?"

"ಇದು ಸರ್ಕಾರದ ನಾಣ್ಯಮ್ಮಾ! ಬೇಡ ಅನ್ನೋಕೆ ನಿಮಗೆ ಅಧಿಕಾರ ಇಲ್ಲ!"

"ಅದೇ ಕಾನೂನು ಸಾವಿರ ರೂಪಾಯಿ ತನಕ ಅಷ್ಟೇ ಅನ್ನುತ್ತೆ ಅಣ್ಣ. ಸಾವಿರ ತಗೋತೀನಿ, ಪಾಪ ಅಂತ. ಮಿಕ್ಕಿದ್ದು?"

ಹೆಂಗಸು ಕಾನೂನು ಓದಿಕೊಂಡಿದ್ದಾಳೆ! ನನ್ನ ನೆತ್ತಿಗೆ ರಕ್ತ ನುಗ್ಗಿತು. "ಕಾನೂನು ಸುಡ್ಲಿ! ಲೋಹದ ಬೆಲೆ ತೋರಿಸ್ತೀನಿ, ಬನ್ನಿ!" ಎಂದು ಚೀಲವನ್ನು ಪಕ್ಕದ ಗುಜರಿ ಅಂಗಡಿಗೆ ಎಳೆದೊಯ್ದು ತಕ್ಕಡಿಯ ಮೇಲೆ ಧೊಪ್ಪೆಂದು ಹಾಕಿದೆ. ಗುಜರಿಯ ಅಕ್ರಂ ಒಂದು ನಾಣ್ಯವನ್ನು ತಿರುಗಿಸಿ ನೋಡಿದ.

"ಹದಿನಾಲ್ಕು ಕೆಜಿಗೆ ಸ್ವಲ್ಪ ಕಮ್ಮಿ. ಹಿತ್ತಾಳೆ ರೇಟ್ ಹಾಕಿದ್ರೆ ಆರು ಸಾವಿರ ಚಿಲ್ರೆ."

"ಏನ್ಲಾ? ಅದು ಹದಿನೆಂಟು ಸಾವಿರ ಕಣೋ!"

"ಅದು ಮೇಲೆ ಬರ್ದಿರೋ ರೇಟು ಸಾರ್. ನಾನ್ ಹೇಳಿದ್ದು ಒಳಗಿರೋದು. ಆದ್ರೆ ಆರಕ್ಕೂ ನನಗೆ ಬೇಡ. ನಾಣ್ಯ ಕರಗಿಸಿದ್ರೆ ಜೈಲು."

"ಹಾಗಾದ್ರೆ ಉಳಿದ ಹನ್ನೆರಡು ಸಾವಿರ ಎಲ್ಲಿದೆಯಪ್ಪ?"

"ಎದುರುಗಡೆಯೋನು ಈಸ್ಕೋತಾನೆ ಅನ್ನೋ ನಂಬಿಕೇಲಿದೆ ಸಾರ್. ಈಸ್ಕೊಳ್ದಿದ್ರೆ ಎಲ್ಲೂ ಇಲ್ಲ."

ಬಸ್‌ಸ್ಟ್ಯಾಂಡಿನಿಂದ ಬಂದು ಸೇರಿದ್ದ ಜನ ನಕ್ಕರು. ಅವರಿಗೆಲ್ಲ ಒಂದು ಗತಿ ಕಾಣಿಸಬೇಕೆಂದು ತಿರುಗಿದವನಿಗೆ ಅನಿತ ಕಂಡಳು. ಅವಳು ನಗುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ತಕ್ಕಡಿಯ ಮುಳ್ಳನ್ನೇ ನೋಡುತ್ತಿದ್ದಳು.

"ಮೂರು ವರ್ಷ," ಎಂದಳು ಮೆಲ್ಲಗೆ. "ಕೊಕ್ಕೆ ಹಾಕಿ ಹಾಕಿ ಕಣ್ಣು ಹೋಯ್ತು ನಂದು. ಒಂದ್ ಮಾತು ಕೇಳ್ಬೋದಿತ್ತಲ್ರೀ."

ತೆಲುಗಿನಲ್ಲಿ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತಿಗೆ ಎಲ್ಲರ ಮೇಲೂ ಇದ್ದ ಸಿಟ್ಟು ಗಿರಕಿ ಹೊಡೆದು ನನ್ನ ಮೇಲೇ ಬಂದು ಕೂತಿತು.

ರಹಮತುನ್ನೀಸಾ ಅನಿತಳ ಕೈಹಿಡಿದು ಅಂಗಡಿಗೆ ಕರೆದುಕೊಂಡು ಹೋದಳು. ನಾನು ಚೀಲ ಹೊತ್ತು ಅಲ್ಲಿಗೆ ಮುಟ್ಟುವಷ್ಟರಲ್ಲಿ ಹೊಸ ಯಂತ್ರಕ್ಕೆ ಹಗ್ಗ ಬಿಗಿಯುತ್ತಿದ್ದರು.

"ಒಯ್ಯಮ್ಮ ನೀನು. ಹೊಲಿದು ಹೊಲಿದು ನಿಧಾನಕ್ಕೆ ಕೊಡು."

"ಅಡ್ವಾನ್ಸು?" ಎಂದೆ ನಾನು.

"ನಕ್ಕೋ."

"ಪತ್ರ? ಸಹಿ? ಏನಾದ್ರೂ ಆಧಾರ ಬೇಡ್ವೇನಮ್ಮ?"

"ನನ್ನ ಮಗಳು ತಬಸ್ಸುಮ್ ಮದುವೆಗೆ ಇವಳು ಜ್ವರದಲ್ಲಿ ಕೂತು ಹನ್ನೆರಡು ಜೊತೆ ಬಟ್ಟೆ ಹೊಲಿದಳು ಅಣ್ಣ. ಹೇಳಿದ ದಿನ ತಂದುಕೊಟ್ಟಳು. ಇನ್ನೇನ್ ಆಧಾರ? ನೀವು ಸಾಲ ಕೇಳಿದ್ರೆ ಮಾತ್ರ ಪತ್ರ, ಸಹಿ ಎಲ್ಲಾ ಬೇಕು."

ಲೋಹವಿಲ್ಲ, ಕಾಗದವೂ ಇಲ್ಲ, ಹದಿನೆಂಟು ಸಾವಿರದ ಯಂತ್ರ ಹೊರಟೇಬಿಟ್ಟಿತು! ಇದ್ಯಾವ ಅರ್ಥಶಾಸ್ತ್ರ?

ಮನೆಗೆ ಬಂದೊಡನೆ ಅನಿತ ಸುಗ್ರೀವಾಜ್ಞೆ ಹೊರಡಿಸಿದಳು. ಬ್ಯಾಂಕಿನಲ್ಲಿರುವ ನನ್ನ ಸಂಬಳವೆಲ್ಲ ಇನ್ನು ಅವಳ ವಶ. ನನ್ನ ಕೈಖರ್ಚಿಗೆ ಆ ಚೀಲ. "ಗಟ್ಟಿ ದುಡ್ಡು ನೀವೇ ಇಟ್ಕೊಳ್ಳಿ. ನಾವು ಹೆಂಗಸ್ರು, ಕಾಗದದಲ್ಲಿ ಹೇಗೋ ನಿಭಾಯಿಸ್ತೀವಿ." ಎದುರಾಡಲು ಬಾಯಿ ತೆರೆದೆ. ಯಂತ್ರ ಗಿರ್ರೆಂದು ಶುರುವಾಯಿತು. ನನಗೇ ನನ್ನ ಮಾತು ಕೇಳಿಸಲಿಲ್ಲ.

ಮಾರನೆಯ ದಿನ ಕಂಪನಿಯ ಗೇಟಿನ ಬಳಿ ಗೋಪಿಯ ಗಾಡಿಯಲ್ಲಿ ಟೀ ಕುಡಿದು ನಾಣ್ಯ ಚಾಚಿದೆ.

"ಹತ್ತರ ಕಾಯಿನ್ ನಡೆಯಲ್ಲ ಸಾರ್. ಸ್ಕ್ಯಾನ್ ಮಾಡಿ."

"ನಡೆಸೋದಿಲ್ಲ ಅಂದ್ರೆ ನಡೆಯೋದು ಹೇಗಯ್ಯಾ?" ಎಂದು ಹಾರಾಡಿದೆ. ತಾಮ್ರ ಎಂದೆ, ನಿಕ್ಕಲ್ ಎಂದೆ. ಪಾಳಿಗೆ ಬಂದ ಮೂರು ಬಸ್ಸಿನ ಜನ ಟೀ ಕುಡಿಯುತ್ತ ಉಚಿತವಾಗಿ ನನ್ನನ್ನು ನೋಡಿದರು. ಗಂಟೆ ಹೊಡೆಯಿತು. ಕೊನೆಗೆ ಹಲ್ಲು ಕಚ್ಚಿಕೊಂಡು ಅನಿತಳಿಗೆ ಫೋನ್ ಮಾಡಿದೆ.

"ಹತ್ತು ರೂಪಾಯಿ ಕಳಿಸೇ. ಟೀ ಕುಡಿದುಬಿಟ್ಟಿದ್ದೀನಿ."

"ಫೋನ್ ಆ ಟೀಯವರಿಗೆ ಕೊಡಿ."

ಗೋಪಿ ಫೋನಿಗೆ "ಹ್ಞೂಂ ಅಕ್ಕ, ಆಯ್ತಕ್ಕ" ಎಂದು ಮೂರು ಸಲ ತಲೆ ಆಡಿಸಿದ. ನನ್ನೊಡನೆ ಅರ್ಧ ಗಂಟೆ ಕಾದಾಡಿದ ಆ ಮನುಷ್ಯನ ಮುಖದಲ್ಲಿ ಎಲ್ಲಿಂದಲೋ ವಿನಯ ಬಂದಿತ್ತು. "ಈಗ್ಲೇ ಕಳಿಸೋದೇನೂ ಬೇಡಕ್ಕ, ತಿಂಗಳಿಗೊಂದ್ಸಲ ಕೊಡಿ. ನಿಮ್ಮ ಮಾತೇ ಸಾಕು," ಎಂದು ಫೋನ್ ವಾಪಸು ಕೊಟ್ಟ.

ಸರಿ, ಸಾಲವೇ ಸಿಕ್ಕಿತಲ್ಲ ಎಂದು ಸಿಟ್ಟನ್ನು ನುಂಗಿಕೊಂಡು, "ಹಾಗಾದ್ರೆ ಇನ್ನೊಂದು ಟೀ ಹಾಕು," ಎಂದೆ.

ಗೋಪಿ ಕೆಟಲ್ಲಿನ ಮುಚ್ಚಳ ಮುಚ್ಚಿದ.

"ಇಲ್ಲ ಸಾರ್. ಅಕ್ಕ ಒಂದೇ ಅಂದವ್ರೆ."