ಫ್ಯಾನಿನ ಕೆಳಗಿನ ಸದಸ್ಯ

ಚರ್ಚಿನ ಸಭೆಯ ಸದಸ್ಯನಾಗುವುದೇನು ಮಹಾ ಕೆಲಸ ಎಂದುಕೊಂಡಿದ್ದೆ. ದಾವಣಗೆರೆಗೆ ವರ್ಗವಾಗಿ ಬಂದಾಗಿನಿಂದ ಭಾನುವಾರ ಭಾನುವಾರ ಹೆಂಡತಿಯ ಹಿಂದೆ ನಮ್ಮ ಪುಟ್ಟ ಚರ್ಚಿಗೆ ಹೋಗುತ್ತಿದ್ದೆ, ಮೂರನೇ ಸಾಲಿನಲ್ಲಿ ಫ್ಯಾನಿನ ಕೆಳಗೆ ಕೂರುತ್ತಿದ್ದೆ, ಮನೆಗೆ ಬಂದು ಊಟ ಮಾಡುತ್ತಿದ್ದೆ. ನನ್ನ ಹೆಂಡತಿ ಸುಗುಣ ಇದೇ ಊರಿನ ಆನೆಕೊಂಡದವಳು, ಅದೇ ಚರ್ಚಿನಲ್ಲಿ ಆಡಿ ಬೆಳೆದವಳು. ಮೈಸೂರು ಕಡೆಯಿಂದ ಬಂದ ನಾನು ಮಾತ್ರ ಇಷ್ಟು ವರ್ಷ ಸದಸ್ಯನಾಗದೆ ಬಾಡಿಗೆ ಮನೆಯವನ ಹಾಗೆ ಇದ್ದುಬಿಟ್ಟಿದ್ದೆ.

"ರೀ, ಈ ಸಲನಾದ್ರೂ ಸದಸ್ಯರಾಗ್ರಿ," ಎಂದಳು ಸುಗುಣ. "ಬಂದು ಕೂತು ಎದ್ದು ಹೋಗಾಕೆ ಅದೇನು ಬಸ್ ಸ್ಟ್ಯಾಂಡೇನು?"

ಪಾಪ, ಸಭೆಗೂ ನನ್ನಂಥ ಒಬ್ಬ ಯೋಗ್ಯ ಮನುಷ್ಯನ ಅಗತ್ಯ ಇದ್ದೀತು. ಉದಾರ ಮನಸ್ಸಿನಿಂದ ಒಪ್ಪಿಕೊಂಡೆ!

ನಮ್ಮ ಪಾಸ್ಟರು ಸಂಜೆ ಹೊತ್ತು ಕೂರಿಸಿಕೊಂಡು ಸದಸ್ಯತ್ವದ ಅರ್ಥ ಹೇಳಿಕೊಟ್ಟರು. ಆರಾಧನೆಗೆ ತಪ್ಪದೆ ಬರಬೇಕು, ಕರ್ತನ ಮೇಜಿನಲ್ಲಿ ಯೇಸುವಿನ ನೆನಪಿಗೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳಬೇಕು, ಕಾಯಿಲೆಯವರನ್ನು ಹೋಗಿ ನೋಡಬೇಕು, ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಹೆಗಲು ಕೊಡಬೇಕು. ಎಲ್ಲದಕ್ಕೂ ಗಂಭೀರವಾಗಿ ತಲೆಯಾಡಿಸಿದೆ. ಕೊನೆಗೆ, "ಏನಾದ್ರೂ ಕೇಳೋದು ಐತೇನ್ರಿ?" ಎಂದರು.

"ಸದಸ್ಯರಿಗೆ ಬ್ಯಾಡ್ಜ್ ಏನಾದ್ರೂ ಕೊಡ್ತೀರಾ ಸಾರ್?"

ಪಾಸ್ಟರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಆ ಭಾನುವಾರ ಮುಂದೆ ನಿಂತು ಪ್ರಮಾಣ ಮಾಡಿದೆ. "ಸಭೆಯ ಸೇವೆಯಲ್ಲಿ ನಿಮ್ಮ ಪಾಲು ವಹಿಸಿಕೊಳ್ಳುತ್ತೀರಾ?" ಎಂದು ಪಾಸ್ಟರು ಕೇಳಿದಾಗ ನಾನು "ಹೌದು!" ಎಂದ ರಭಸಕ್ಕೆ ಹಿಂದಿನ ಸಾಲಿನ ಮಗುವೊಂದು ಬೆಚ್ಚಿ ಅಳತೊಡಗಿತು. ಆಮೇಲೆ ಇಡೀ ಸಭೆ ಎದ್ದು ನಿಂತು, ಈತನನ್ನು ನಮ್ಮವನೆಂದು ಸ್ವೀಕರಿಸುತ್ತೇವೆ, ಈತನಿಗಾಗಿ ಪ್ರಾರ್ಥಿಸುತ್ತೇವೆ ಎಂದಿತು. ಅದು ಶಿಷ್ಟಾಚಾರದ ಮಾತು ಎಂದು ನಾನು ಅಷ್ಟಾಗಿ ಗಮನಿಸಲಿಲ್ಲ. ನನ್ನ ಗಮನವೆಲ್ಲ ಸೇವೆಯ ಮೇಲಿತ್ತು.

ಸೇವೆ ಕೂಡಲೇ ಸಿಕ್ಕಿತು. ಹರಿಹರದಲ್ಲಿ ಎಸ್ತೇರಮ್ಮ ಎಂಬ ನಮ್ಮ ಸಭೆಯ ಹಿರಿಯ ಸದಸ್ಯೆ ಇದ್ದಾರೆ, ಸೊಂಟದ ನೋವಿನಿಂದ ಹಾಸಿಗೆ ಹಿಡಿದಿದ್ದಾರೆ, ಬರುವ ಭಾನುವಾರ ಅವರನ್ನು ಆಪರೇಶನ್‌ಗೆ ಕರೆದೊಯ್ಯುತ್ತಾರೆ, ಅದಕ್ಕೆ ಮೊದಲು ಒಮ್ಮೆ ಕರ್ತನ ಮೇಜಿನಲ್ಲಿ ಪಾಲು ಬೇಕೆಂದು ಹೇಳಿಕಳಿಸಿದ್ದಾರೆ, ಶನಿವಾರ ಯಾರಾದರೂ ಜೊತೆಗೆ ಬರುತ್ತೀರಾ ಎಂದು ಪಾಸ್ಟರು ಕೇಳಿದರು.

"ನಾನು ಬರ್ತೀನಿ! ದ್ರಾಕ್ಷಾರಸವನ್ನೂ ನಾನೇ ಮಾಡಿ ತರ್ತೀನಿ!" ಎಂದೆ.

"ರಸ ನಾನು ಮಾಡಿಕೊಡ್ತೀನಿ ಬಿಡ್ರಿ," ಎಂದಳು ಸುಗುಣ ಮನೆಗೆ ಬಂದ ಮೇಲೆ. "ನಮ್ಮಮ್ಮನ ಕಾಲದಿಂದ ಮಾಡ್ತೀವಿ."

"ಪ್ರಮಾಣ ಮಾಡಿದವನು ನಾನು. ಸೇವೆಯೂ ನನ್ನದೇ."

ಸೋಮವಾರವೇ ಕಪ್ಪು ದ್ರಾಕ್ಷಿ ತಂದೆ. ಕುದಿಸಿದರೆ ಸತ್ವ ಹೋಗುತ್ತದೆ ಎಂಬ ಮಹತ್ವದ ಸಿದ್ಧಾಂತವನ್ನು ಅಲ್ಲೇ ನಿಂತು ಕಂಡುಹಿಡಿದು, ಹಸಿಯಾಗಿಯೇ ಹಿಂಡಿದೆ. ಕೈತುಂಬ ಸಕ್ಕರೆ ಸುರಿದೆ. ಬಾಟಲಿಗೆ ತುಂಬಿ, ಬಿರಡೆ ಜಡಿದು, ಪ್ಲಾಸ್ಟಿಕ್ ಸುತ್ತಿ, ದಾರದಿಂದ ಬಿಗಿದೆ. ಫ್ರಿಜ್ಜಿನಲ್ಲಿ ದೋಸೆ ಹಿಟ್ಟು ಜಾಗ ಹಿಡಿದಿತ್ತು. ಬಾಟಲಿಯನ್ನು ಬೀರುವಿನ ಮೇಲಿಟ್ಟೆ. ದಾವಣಗೆರೆಯ ಏಪ್ರಿಲ್ ತಿಂಗಳು, ತಗಡಿನ ಮಾಡಿನ ಕೋಣೆ!

"ಹಂಗೆ ಇಡಬ್ಯಾಡ್ರಿ, ಹುಳಿ ಬಂದು ಉಬ್ಬತೈತೆ," ಎಂದಳು ಸುಗುಣ.

"ದೇವರ ಕೆಲಸಕ್ಕೆ ಮಾಡಿದ್ದು. ಹುಳಿ ಹೇಗೆ ಬರುತ್ತೆ?"

ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಸುಮ್ಮನಾದಾಗಲೆಲ್ಲ ನನಗೇನೋ ಕಾದಿರುತ್ತದೆ. ಆದರೂ ಬುದ್ಧಿ ಬಂದಿಲ್ಲ.

ಶನಿವಾರ ಮಧ್ಯಾಹ್ನ ಹರಿಹರದ ಬಸ್ಸು ಹತ್ತಿದೆವು. ಬೆಳ್ಳಗೆ ಇಸ್ತ್ರಿ ಮಾಡಿದ ನಿಲುವಂಗಿ ತೊಟ್ಟ ಪಾಸ್ಟರು ಕಿಟಕಿಯ ಪಕ್ಕ, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡ ನಾನು ಇತ್ತ ಕಡೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಚೀಲದೊಳಗೆ ಸುಯ್ ಎಂದು ಸದ್ದು ಶುರುವಾಯಿತು.

"ಏನ್ರಿ ಅದು?" ಎಂದರು ಪಾಸ್ಟರು.

"ಟೈರು ಇರಬೇಕು ಸಾರ್."

ಹರಿಹರ ಹತ್ತಿರ ಬಂತು. ಒಂದು ರೋಡ್ ಹಂಪ್ ಬಂತು. ಡ್ರೈವರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಬಸ್ಸು ಹಾರಿತು, ನಾವೂ ಹಾರಿದೆವು. ಮರುಕ್ಷಣ ಢಮ್!

ಬಿರಡೆ ದಾರ ಹರಿದುಕೊಂಡು ಚೀಲದಿಂದ ಹಾರಿ ಬಸ್ಸಿನ ಮಾಡಿಗೆ ಬಡಿದು ಮುಂದಿನ ಸೀಟಿನ ಮಲೆಬೆನ್ನೂರಿನ ಯಜಮಾನರೊಬ್ಬರ ಬೋಳು ತಲೆಯ ಮೇಲೆ ಇಳಿಯಿತು. ರಸ ಕಾರಂಜಿಯಾಗಿ ಚಿಮ್ಮಿ ಪಾಸ್ಟರ ನಿಲುವಂಗಿಯನ್ನು ಕುತ್ತಿಗೆಯಿಂದ ಮೊಣಕಾಲಿನವರೆಗೆ ನೇರಳೆ ಮಾಡಿತು. "ಟೈರ್ ಹೋತೋ!" ಎಂದು ಕೂಗಿ ಡ್ರೈವರು ಬ್ರೇಕ್ ಹಾಕಿದ. ಕಂಡಕ್ಟರು ಬಂದ. ಮೂಗರಳಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಏನ್ರಿ ಯಜಮಾನ್ರೆ, ಹಾಡಹಗಲೇ ಬಸ್ನಾಗ ಎಣ್ಣೆ ತಂದೀರಿ?"

"ಇಲ್ಲಪ್ಪ, ಇದು ದೇವರ ಕೆಲಸಕ್ಕೆ..."

"ಎಲ್ಲಾರೂ ಏನಾರ ಒಂದು ನೆಪ ಹೇಳೇ ಹೇಳ್ತಾರ್ರಿ!"

ಬಸ್ಸೆಲ್ಲ ನಕ್ಕಿತು. ಬೋಳು ತಲೆಯ ಯಜಮಾನರು ಬಿರಡೆಯನ್ನು ಬಹಳ ಮರ್ಯಾದೆಯಿಂದ ನನಗೆ ಹಿಂತಿರುಗಿಸಿದರು. ಪಾಸ್ಟರು ಕಣ್ಣು ಮುಚ್ಚಿ ಕೂತರು. ಪ್ರಾರ್ಥಿಸುತ್ತಿದ್ದರೋ, ಕೋಪ ನುಂಗುತ್ತಿದ್ದರೋ ಗೊತ್ತಾಗಲಿಲ್ಲ.

ಎಸ್ತೇರಮ್ಮನ ಮನೆ ತಲುಪಿದಾಗ ಚೀಲ ಬಿಚ್ಚಿ ನೋಡಿದೆ. ಬಾಟಲಿಯಲ್ಲಿ ತೊಟ್ಟೂ ಉಳಿದಿರಲಿಲ್ಲ. ನಾಳೆ ಆಪರೇಶನ್‌ಗೆ ಹೋಗುವ ಮುದುಕಿ ಕೇಳಿದ್ದು ಇದೊಂದನ್ನೇ, ಅದನ್ನೂ ನಾನು ಬಸ್ಸಿನಲ್ಲಿ ಚೆಲ್ಲಿ ಬಂದಿದ್ದೆ. ನಿಜವಾಗಿಯೂ ಅಳು ಬರುವಂತಾಯಿತು.

ಮಂಚದ ಮೇಲೆ ಬಿಳಿ ಸೀರೆಯ ಪುಟ್ಟ ಜೀವ. ಪಕ್ಕದಲ್ಲಿ ಹಣೆ ತುಂಬ ವಿಭೂತಿ ಧರಿಸಿದ ನೆರೆಮನೆಯ ಗಂಗಮ್ಮ, ಬೀಸಣಿಗೆ ಬೀಸುತ್ತ. ಪಾಸ್ಟರ ನಿಲುವಂಗಿ ನೋಡಿ ಎಸ್ತೇರಮ್ಮ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು.

"ಇದೇನ್ರಿ ಅಯ್ನೋರೆ, ಹೋಳಿ ಆಡಿ ಬಂದ್ರೇನು?"

ನಡೆದದ್ದನ್ನೆಲ್ಲ ನಾನೇ ಹೇಳಿ ಕೈಮುಗಿದೆ. "ಅಮ್ಮಾ, ಓಡಿಹೋಗಿ ಪೇಟೆಯಿಂದ ದ್ರಾಕ್ಷಿ ತರ್ತೀನಿ."

"ಈ ಬಿಸ್ಲಾಗ ಎಲ್ಲಿಗ್ ಓಡ್ತೀರಿ, ಕೂಡ್ರಿ," ಎಂದರು ಗಂಗಮ್ಮ. ಪಾಸ್ಟರ ಕಡೆ ತಿರುಗಿ, "ಒಣದ್ರಾಕ್ಷಿ ನಡೀತೈತೇನ್ರಿ? ನಿನ್ನೆ ಪಾಯಸಕ್ಕೆ ತಂದಿದ್ದು ಉಳದೈತೆ," ಎಂದು ಕೇಳಿದರು.

"ನಡೀತೈತೆ ತಾಯಿ. ದ್ರಾಕ್ಷಿ ಸಿಗದಾಗ ನಮ್ಮ ಹಿರಿಯರೂ ಹಂಗೇ ಮಾಡ್ತಿದ್ರು," ಎಂದರು ಪಾಸ್ಟರು.

ಗಂಗಮ್ಮ ತಮ್ಮ ಅಡುಗೆಮನೆಯಲ್ಲಿ ಒಣದ್ರಾಕ್ಷಿಯನ್ನು ಬಿಸಿನೀರಿನಲ್ಲಿ ಕುದಿಸಿ, ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿ, ಲೋಟಕ್ಕೆ ತಟ್ಟೆ ಮುಚ್ಚಿ ತಂದರು. ನಾನು ವಾರವಿಡೀ ಮಾಡಿ ಕೆಡಿಸಿದ್ದನ್ನು ಅವರು ಅರೆಗಳಿಗೆಯಲ್ಲಿ ಮಾಡಿ ಮುಗಿಸಿದ್ದರು.

"ಶುರು ಮಾಡೋಕೆ ಮೊದ್ಲು ನಂದೊಂದು ಕೆಲಸ ಐತೆ ಅಯ್ನೋರೆ," ಎಂದು ಎಸ್ತೇರಮ್ಮ ಕಣ್ಣು ಮುಚ್ಚಿದರು.

ಮೊದಲ ಸಾಲಿನಿಂದ ಶುರು ಮಾಡಿದರು. ಯಾರು ಎಲ್ಲಿ ಕೂರುತ್ತಾರೆ, ಯಾರ ಮಗನಿಗೆ ಕೆಲಸವಿಲ್ಲ, ಯಾರ ಮನೆಯಲ್ಲಿ ಮಾತುಕತೆ ನಿಂತಿದೆ, ಎಲ್ಲರನ್ನೂ ಒಬ್ಬೊಬ್ಬರಾಗಿ ದೇವರ ಮುಂದೆ ತಂದು ನಿಲ್ಲಿಸಿದರು. ವರ್ಷಗಳಿಂದ ಚರ್ಚಿನ ಮೆಟ್ಟಿಲು ಹತ್ತದ ಹೆಂಗಸು ದಿನವೂ ಬೆಂಚು ಬೆಂಚಿಗೆ ಹೋಗಿ ಬರುತ್ತಿದ್ದರು! ಎರಡನೇ ಸಾಲು ಮುಗಿಯಿತು. ಮೂರನೆಯದು ಬಂತು.

"ಕರ್ತನೇ, ಫ್ಯಾನಿನ ಕೆಳಗೆ ಕೂಡೋ ಆ ತಮ್ಮ. ಹೆಸರು ಗೊತ್ತಿಲ್ಲ. ಅಯ್ನೋರ ಪ್ರಸಂಗ ಶುರುವಾದ ಕೂಡ್ಲೆ ಮಲಗ್ತಿದ್ದ. ಮನ್ಯಾಗ ಏನು ಸಂಕಟನೋ, ಪಾಪ, ರಾತ್ರಿ ನಿದ್ದಿ ಇಲ್ಲ ಅಂತ ಕಾಣ್ತೈತೆ. ಅವನಿಗೆ ರಾತ್ರಿ ನಿದ್ದಿ ಕೊಡಪ್ಪ."

ಅವರು ಕೊನೆಯ ಸಲ ಚರ್ಚಿಗೆ ಬಂದು ನನ್ನನ್ನು ನೋಡಿದ್ದ ಆ ವರ್ಷ ನಮ್ಮ ಮಗಳು ಕಾಯಿಲೆ ಬಿದ್ದಿದ್ದಳು. ಸುಗುಣ ಹಗಲು, ನಾನು ರಾತ್ರಿ ಆಸ್ಪತ್ರೆಯಲ್ಲಿ ಕೂತಿರುತ್ತಿದ್ದೆವು. ನಾನು ಯಾರಿಗೂ ಹೇಳಿಕೊಂಡಿರಲಿಲ್ಲ. ಮಗಳು ಗುಣವಾಗಿ ಎಷ್ಟೋ ಕಾಲವಾಗಿತ್ತು, ಈ ತಾಯಿ ಮಾತ್ರ ನನ್ನನ್ನು ಇನ್ನೂ ಬಿಟ್ಟಿರಲಿಲ್ಲ. ಸದಸ್ಯನಾಗಲು ನಾನು ಒಪ್ಪುವ ಎಷ್ಟೋ ಮೊದಲೇ ಇಲ್ಲಿ ಯಾರೋ ನನ್ನನ್ನು ಹೊತ್ತುಕೊಂಡು ಕೂತಿದ್ದರು. ಬ್ಯಾಡ್ಜ್ ಕೇಳಿದ್ದೆನಲ್ಲ ನಾನು!

"ಅಮ್ಮಾ, ಅದು ನಾನೇ," ಎಂದೆ.

ಎಸ್ತೇರಮ್ಮ ಒಂದು ಕಣ್ಣು ತೆರೆದು ನೋಡಿದರು. "ನೀನೇನಪ್ಪ! ಈಗ ನಿದ್ದಿ ಬರತೈತಾ?"

"ಬರುತ್ತೆ ಅಮ್ಮಾ."

"ಹಂಗಾರ ಒಂದು ಕೆಲಸ ಮಾಡು. ನಾನು ಆಸ್ಪತ್ರಿಯಿಂದ ಬರೋತನ ಆ ಮೂರನೇ ಸಾಲು ನೀ ನೋಡ್ಕೋ. ದಿನಾ ರಾತ್ರಿ, ಒಬ್ಬರ್ನೂ ಬಿಡಂಗಿಲ್ಲ."

ಆಮೇಲೆ ಪಾಸ್ಟರು ನೇರಳೆ ನಿಲುವಂಗಿಯಲ್ಲೇ ರೊಟ್ಟಿ ಮುರಿದರು, ಗಂಗಮ್ಮನ ಲೋಟ ಎತ್ತಿದರು. ಎಸ್ತೇರಮ್ಮ ಮಲಗಿದಲ್ಲೇ ಒಂದು ಗುಟುಕು ಕುಡಿದರು, ಆಮೇಲೆ ನಾನು. ಗಂಗಮ್ಮ ಬಾಗಿಲ ಬಳಿ ಸೆರಗು ಹೊದ್ದು ಕೈಮುಗಿದು ನಿಂತಿದ್ದರು. ಅಷ್ಟು ನಿಶ್ಶಬ್ದವನ್ನು ನಾನು ಯಾವ ಆರಾಧನೆಯಲ್ಲೂ ಕೇಳಿರಲಿಲ್ಲ, ಎಚ್ಚರವಿದ್ದರೆ ತಾನೆ ಕೇಳುವುದು!

ಆಪರೇಶನ್ ಚೆನ್ನಾಗಿ ಆಯಿತು. ಎಸ್ತೇರಮ್ಮ ಇನ್ನೂ ಆಸ್ಪತ್ರೆಯಲ್ಲಿದ್ದಾರೆ. ನಾನು ದಿನಾ ರಾತ್ರಿ ಹಾಸಿಗೆಯ ಮೇಲೆ ಕೂತು, ಫ್ಯಾನಿನ ಕಡೆಯಿಂದ ಶುರು ಮಾಡಿ, ಮೂರನೇ ಸಾಲಿನವರಿಗಾಗಿ ಪ್ರಾರ್ಥಿಸುತ್ತೇನೆ. ಆದರೆ ನನಗೆ ನಿದ್ದೆ ಕೊಡು ಎಂದು ಅವರು ಮಾಡಿದ ಪ್ರಾರ್ಥನೆ ಬಹಳ ಗಟ್ಟಿಯಾದದ್ದು. ಸಾಲಿನ ಅರ್ಧಕ್ಕೆ ಬರುವಷ್ಟರಲ್ಲಿ ನನಗೆ ಗಾಢ ನಿದ್ದೆ!

ನಿನ್ನೆ ಎಸ್ತೇರಮ್ಮ ಫೋನ್ ಮಾಡಿ, "ಸಾಲಿನೋರೆಲ್ಲ ಹೆಂಗದಾರಪ್ಪ?" ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಸುಗುಣ ಫೋನ್ ಕಿತ್ತುಕೊಂಡಳು. ಫ್ಯಾನಿನ ಗಾಳಿ ಆಗದೆಂದು ಅವಳು ಕೂರುವುದು ಅದೇ ಸಾಲಿನ ಆ ಕೊನೆಯಲ್ಲಿ, ಗೋಡೆಯ ಪಕ್ಕ.

"ಅಮ್ಮಾ, ಫ್ಯಾನಿನ ಕಡೆಯೋರೆಲ್ಲ ಭೇಷ್ ಅದಾರ," ಎಂದಳು. "ನೀವು ಲಗೂನ ಬಂದ್ಬಿಡ್ರಿ. ನನ್ನ ಮಂಡಿ ನೋವು ಹಂಗೇ ಐತೆ!"