ನನ್ನ ಮೊಣಕಾಲು, ಅತ್ತೆಯ ಕೌದಿ

ಸೀರೆಯ ಕೆಳಗೆ ಬೂಟು ಹಾಕಿಕೊಂಡ ಹೆಂಗಸನ್ನು ಕಂಡು ನಗಬಾರದು. ಈ ವಿವೇಕ ನನಗೆ ಬಂದದ್ದು ತೀರ ಈಚೆಗೆ, ಆ ಹೆಂಗಸು ನಾನೇ ಆದ ಮೇಲೆ. ಮೊಣಕಾಲಿನ ಸಂಧಿವಾತಕ್ಕೆ ಎಣ್ಣೆ ತಿಕ್ಕಿದೆ, ಉಪ್ಪಿನ ಶಾಖ ಕೊಟ್ಟೆ, ಎಕ್ಕೆ ಎಲೆ ಕಟ್ಟಿದೆ, ನಮ್ಮೂರು ಐಗಳಿಯ ಅರ್ಧ ಜನಕ್ಕೆ ಬಾವು ತೋರಿಸಿದೆ. ಕೊನೆಗೆ ಅಥಣಿಯ ಡಾಕ್ಟರರು ಬೂಟಿನೊಳಗೆ ಹಾಕುವ ಒಂದು ಜೊತೆ ಮೆತ್ತೆ ಕೊಟ್ಟು, "ಎಲ್ಲಾರಿಗೂ ಹತ್ತೂದಿಲ್ರಿ, ನಿಮಗ ಹತ್ತಿದ್ರ ನಿಮ್ಮ ಪುಣ್ಯಾ" ಎಂದರು. ಮಗನ ಹಳೆಯ ಬೂಟಿನಲ್ಲಿ ಅವನ್ನು ತುರುಕಿ ಅಂಗಳದಲ್ಲಿ ನಡೆದೆ. ನೋವು ನಿಜವಾಗಿಯೂ ಹಗುರಾಗಿತ್ತು! ಕಟ್ಟೆಯ ಮೇಲಿದ್ದ ಅತ್ತೆ ಮಾತ್ರ, "ಪೊಲೀಸರು ಬಂದಾರಂತ ಅಂಜಿಬಿಟ್ಟಿದ್ದೆ ಬೇ" ಎಂದರು.

ಆದರೆ ನನಗೆ ಬೇಕಾಗಿದ್ದು ಅಂಗಳವಲ್ಲ, ನಮ್ಮ ದ್ರಾಕ್ಷಿ ಒಣಹಾಕುವ ಶೆಡ್ಡು. ಸುಗ್ಗಿಯಲ್ಲಿ ಹೆಂಗಸರ ನಗು, ಜಗಳ, ಸುದ್ದಿ ಎಲ್ಲ ಅಲ್ಲೇ. ಹಿಂದಿನ ಸುಗ್ಗಿಯಲ್ಲಿ ನಾನು ಮನೆಯಲ್ಲಿ ಕುಳಿತು ಟೀವಿ ಸುದ್ದಿ ಕೇಳಿದ್ದೆ. ಗುರುತಿನವರಾರೂ ಇಲ್ಲದ ಸುದ್ದಿಯಲ್ಲಿ ಏನು ರುಚಿ? ಶೆಡ್ಡಿನ ನೇಮವೆಂದರೆ ಕಾಲಲ್ಲಿದ್ದದ್ದು ಬಾಗಿಲಾಚೆ. ಬೆಳೆದ ಮಾಲು ನಮಗೆ ಲಕ್ಷ್ಮಿ, ಅದರ ಮುಂದೆ ಚಪ್ಪಲಿ ಮೆಟ್ಟಿಕೊಂಡು ಹೋಗುವ ಮಾತೇ ಇಲ್ಲ. ಬೂಟು ಬಿಟ್ಟು ಒಳಗಿನ ಗಟ್ಟಿ ನೆಲದ ಮೇಲೆ ನಾಲ್ಕು ಹೆಜ್ಜೆ ಇಟ್ಟವಳು "ಯವ್ವಾ" ಎಂದು ಮರಳಿದೆ. ಎಲ್ಲರೂ ಒಳಗಿದ್ದರು, ನಾನೊಬ್ಬಳೇ ಹೊರಗೆ. ಬೂಟು ಹಾಕಿಕೊಳ್ಳುತ್ತ ಅತ್ತುಬಿಟ್ಟೆ.

ಮರುದಿನ ನೋಡಿದರೆ ಬೂಟಿನಲ್ಲಿ ಮೆತ್ತೆಗಳೇ ಇಲ್ಲ. ಜಗಳಕ್ಕೆ ಹೊರಟವಳು ಬಾಗಿಲಲ್ಲೇ ನಿಂತೆ. ಅತ್ತೆ ತಮ್ಮ ಹಳೆಯ ಇಳಕಲ್ ಸೀರೆ ಹರಿದು, ಕೌದಿಯಂತೆ ಪದರ ಪದರವಾಗಿ ಹೊಲಿದು, ಮೆತ್ತೆಯನ್ನು ಒಳಗಿಟ್ಟು ಕಾಲಿಗೆ ಚೀಲ ಮಾಡುತ್ತಿದ್ದರು.

"ಇದು ಬರೇ ಬಟ್ಟಿ. ಲಕ್ಷ್ಮಿ ಏನೂ ಅನ್ನೂದಿಲ್ಲ. ಶೆಡ್ಡಿನ್ಯಾಗಷ್ಟ ಹಾಕ್ಕೋ" ಎಂದರು. ಜಗಳ ಬಿಟ್ಟು, ಕಾಲು ಚಾಚಿ ಅಳತೆ ಕೊಟ್ಟೆ. ನನ್ನ ಮಟ್ಟಿಗೆ ಅದು ಅಪರೂಪ.

ಆ ಸುಗ್ಗಿಯೆಲ್ಲ ನಾನು ಶೆಡ್ಡಿನಲ್ಲೇ ಇದ್ದೆ. ನೋವು ಪೂರ್ತಿ ಹೋಗಿರಲಿಲ್ಲ, ಆದರೆ ನಾನು ಹೋಗುತ್ತಿದ್ದೆನಲ್ಲ! ಅತ್ತೆಗೆ ದಿನವೂ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ. ಒಂದು ಸಂಜೆ ಅವರು ಕಂಬ ಹಿಡಿದು, ತುಟಿ ಕಚ್ಚಿ ಮೇಲೇಳುವುದು ಕಣ್ಣಿಗೆ ಬಿತ್ತು.

"ಅತ್ತಿ, ನಿಮ್ಮ ಮಣಕಾಲೂ ನೋಯ್ತಾವೇನ್ರಿ?"

"ನಿನಕಿಂತ ಮೊದಲಿಂದ ನೋಯ್ತಾವ. ಮನಿಯಾಗ ಒಬ್ಬಾಕಿ ಒದರೂದು ಸಾಲೂದಿಲ್ಲೇನು?"

ಅವರನ್ನೂ ಡಾಕ್ಟರರಿಗೆ ತೋರಿಸಿ ಒಂದು ಜೊತೆ ಮೆತ್ತೆ ತಂದೆ. ಈ ಸಲ ಚೀಲ ನಾನೇ ಹೊಲಿಯುವವಳೆಂದು ಹಟ ಹಿಡಿದೆ. ಮಧ್ಯಾಹ್ನವೆಲ್ಲ ಪ್ರೀತಿಯಿಂದ ಕುಳಿತು ಹೊಲಿದೆ. ಅತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕಾಲು ತೂರಿಸುವ ಬಾಯನ್ನೂ ಸೇರಿಸಿ ಹೊಲಿದುಬಿಟ್ಟಿದ್ದೆ. "ಇರಲಿ, ತಾ ಇಲ್ಲೆ" ಎಂದು ಬಿಚ್ಚಿ, ಅವರೇ ಹೊಲಿದುಕೊಂಡರು. ಸೂಜಿಗೆ ದಾರ ಪೋಣಿಸಿಕೊಟ್ಟವಳು ಮಾತ್ರ ನಾನೇ.