ಕೋಟು ಉಳಿದ ಭಾನುವಾರ

"ಒಂದು ವರ್ಷದಿಂದ ಮೈಗೆ ಹಾಕದ ಬಟ್ಟೆಯೆಲ್ಲ ಇವತ್ತು ಹೊರಗೆ. ಮಧ್ಯಾಹ್ನ ಅನಾಥಾಶ್ರಮದ ಗಾಡಿ ಬರ್ತದೆ," ಎಂದು ಕುಶಲಾ ಕಪಾಟಿನ ಎರಡೂ ಬಾಗಿಲು ತೆರೆದಿಟ್ಟಳು.

ಗಂಡ ಸರ್ವೋತ್ತಮ ಓಡಿ ಬಂದು ಕಪಾಟಿಗೆ ಅಡ್ಡ ನಿಂತ. ಅವನ ಪಾಲಿನ ಅರ್ಧದಲ್ಲಿ ಮದುವೆಯ ಮೆರೂನ್ ಕೋಟು, ಊಟಿಯಲ್ಲಿ ಕೊಂಡ ಉಣ್ಣೆಯ ಸ್ವೆಟರು, ಕಾಪುವಿನ ವಾಲಿಬಾಲ್ ತಂಡದ ಹಳೆಯ ಜೆರ್ಸಿ, ಇಷ್ಟೇ ಇದ್ದವು. ಕೋಟು ಹೋದರೆ ತಾನೂ ಒಂದು ಕಾಲದಲ್ಲಿ ಚಂದ ಇದ್ದೆ ಎನ್ನುವುದಕ್ಕೆ ಸಾಕ್ಷಿಯೇ ಉಳಿಯದು.

"ಹಾಕಿದ್ದು ಉಳೀತದಲ್ಲ?"

"ಉಳೀತದೆ."

"ಮಾತು ತಪ್ಪಬಾರದು ಮಾರಾಯ್ತಿ."

"ನಾನು ಯಾವಾಗ ಮಾತು ತಪ್ಪಿದ್ದುಂಟು?"

ಸ್ವಲ್ಪ ಹೊತ್ತಿನಲ್ಲೇ ಸರ್ವೋತ್ತಮ ಕೋಟು ತೊಟ್ಟು ಮೀನು ಮಾರ್ಕೆಟ್ಟಿನಲ್ಲಿದ್ದ. ಏಪ್ರಿಲ್ ಬಿಸಿಲು. ಗುಂಡಿ ಬಿಗಿದ ಹೊಟ್ಟೆ, ಬಾಯಿ ಹೊಲಿದ ಅಕ್ಕಿ ಮೂಟೆಯಂತಿತ್ತು.

"ಎಂತ ಅಣ್ಣ, ಬೂತಾಯಿ ಮೀನಿಗೆ ಕೋಟಾ?" ಎಂದಳು ಮೀನು ಮಾರುವ ಅಪ್ಪಿಯಕ್ಕ. "ಅಂಜಲ್ ಆದರೂ ತೆಗೊಳ್ಳಿ, ಕೋಟಿನ ಮರ್ಯಾದೆ ಉಳೀಲಿ."

ದುಬಾರಿ ಅಂಜಲ್ ಮೀನನ್ನೇ ತೆಗೆದುಕೊಂಡ. ಚೀಲ ಸೋರಿ ಕೋಟಿನ ಒಂದು ಬದಿಯೆಲ್ಲ ಮೀನಿನ ನೀರಾಯಿತು. ಇರಲಿ, ಹಾಕಿದ್ದಾಯಿತಲ್ಲ!

ಮನೆಗೆ ಬಂದು ಸ್ವೆಟರು ತೊಟ್ಟು ಅಂಗಳಕ್ಕಿಳಿದಾಗ ಪಕ್ಕದ ಮನೆಯ ಉಮಾನಾಥ ಕಾಂಪೌಂಡಿನ ಮೇಲಿಂದ ಇಣುಕಿದ.

"ಆಗ ಕೋಟು, ಈಗ ಸ್ವೆಟರು! ಚಳಿಜ್ವರವಾ?"

"ಇಲ್ಲ ಮಾರಾಯ, ಸುಮ್ಮನೆ."

"ಈ ಸೆಕೆಗೆ ಸುಮ್ಮನೆ ಯಾರು ಹಾಕ್ತಾರೆ? ಸೆಲೀನ್ ಬಾಯೀ, ಒಮ್ಮೆ ಬನ್ನಿ!"

ಎದುರು ಮನೆಯ ನರ್ಸ್ ಸೆಲೀನ್ ಥರ್ಮಾಮೀಟರ್ ಹಿಡಿದೇ ಬಂದಳು. ಹಬೆಗಿಟ್ಟ ಪುಂಡಿ ಕಡುಬಿನಂತೆ ಬೇಯುತ್ತಿದ್ದವನ ಮೈ ಸುಡುತ್ತಿತ್ತು. "ಮಾತಾಡ್ಬೇಡಿ, ಮಲಗಿ!" ಎಂದು ಜಗಲಿಯಲ್ಲಿ ಕೆಡವಿದಳು. ಉಮಾನಾಥ ಕಾಳುಮೆಣಸಿನ ಕಷಾಯ ತಂದ.

ಅಷ್ಟರಲ್ಲಿ ಗಾಡಿಯ ಹಾರ್ನ್. ಜೆರ್ಸಿ ಇನ್ನೂ ಬಾಕಿ! ಸರ್ವೋತ್ತಮ ಸ್ವೆಟರು ಕಿತ್ತೆಸೆದು, ಒಳಗೆ ಓಡಿ ಜೆರ್ಸಿಯೊಳಗೆ ತೂರಿಕೊಂಡ. ಅದು ಎದೆಯವರೆಗೆ ಇಳಿದು ಅಲ್ಲಿಯೇ ನಿಂತಿತು. ಹಾಗೆಯೇ ಗೇಟಿಗೆ ಓಡಿದ. ಹಿಂದೆ ಕಷಾಯ, ಅದರ ಹಿಂದೆ ಥರ್ಮಾಮೀಟರ್.

"ಎಲ್ಲ ಹಾಕಿ ಆಯ್ತು! ನನ್ನದು ಕೊಡ್ಲಿಕ್ಕೆ ಎಂತದೂ ಇಲ್ಲ!"

ಕುಶಲಾ ತನ್ನ ಹಳೆಯ ಸೀರೆಗಳ ಗಂಟು ಕೊಟ್ಟು ಗಾಡಿ ಕಳಿಸಿದಳು. ಟೂರ್ನಮೆಂಟ್ ಗೆದ್ದವನಂತೆ ಸರ್ವೋತ್ತಮ ಎರಡೂ ಕೈ ಎತ್ತಿದ. ಜೆರ್ಸಿಯ ಕಂಕುಳು ಚರ್ರೆಂದಿತು.

"ಒಗೆಯದೆ ಕಪಾಟಿಗೆ ಇಡ್ಲಿಕ್ಕಿಲ್ಲ," ಎಂದಳು ಕುಶಲಾ. ಗೆದ್ದವನಿಗೆ ಅದೇನು ಕಷ್ಟ? ಸಿಳ್ಳೆ ಹಾಕುತ್ತಲೇ ಮೂರನ್ನೂ ಒಗೆದ.

ಸಂಜೆ ಒಣಗಿದ ಬಟ್ಟೆಯನ್ನು ಮಗುವಿನಂತೆ ಎದೆಗೊತ್ತಿಕೊಂಡು ಕಪಾಟು ತೆರೆದ. ಅವನ ಅರ್ಧದಲ್ಲಿ ಮೇಲಿನಿಂದ ಕೆಳಗಿನವರೆಗೆ ಕುಶಲಾಳ ಸೀರೆಗಳು ಬಣ್ಣ ಬಣ್ಣವಾಗಿ ಸಾಲು ಹಿಡಿದು ಕೂತಿದ್ದವು.

"ಇದೆಂತ?"

"ನೀವೇ ಒಂದೊಂದಾಗಿ ತೆಗೆದು ಖಾಲಿ ಮಾಡಿಕೊಟ್ಟಿರಲ್ಲ."

"ಹಾಕಿದ್ದು ಉಳೀತದೆ ಅಂದದ್ದು?"

"ಉಳಿದಿದೆಯಲ್ಲ, ನಿಮ್ಮ ಕೈಯಲ್ಲೇ ಉಂಟು. ಕಪಾಟಿನಲ್ಲಿ ಉಳೀತದೆ ಅಂತ ಹೇಳಿದ್ದೆನಾ?"

ಬಾಗಿಲ ಹಿಂದಿನ ಒಂದೇ ಮೊಳೆಯಲ್ಲಿ ದಿನದ ಅಂಗಿ ಇತ್ತು; ಬೇರೆ ಜಾಗವಿಲ್ಲ. ಸರ್ವೋತ್ತಮ ಸ್ವೆಟರು ತೊಟ್ಟ, ಅದರ ಮೇಲೆ ಕೋಟು ಏರಿಸಿದ, ಜೆರ್ಸಿಯನ್ನು ಹೆಗಲಿಗೆ ಹಾಕಿಕೊಂಡು ಜಗಲಿಯಲ್ಲಿ ಕೂತ.

ಕಾಂಪೌಂಡಿನ ಮೇಲೆ ಉಮಾನಾಥನ ತಲೆ ಮೂಡಿತು.

"ಸೆಲೀನ್ ಬಾಯೀ! ಬೇಗ ಬನ್ನಿ, ಪುನಃ ಸುರುವಾಯ್ತು!"